ಕ್ಯಾನಿನ ಹಿಡಿಗೆ ಕಟ್ಟಿದ ಬಟ್ಟೆ

ಇದು ಎಲ್ಲೋ ಕೇಳಿದ ಸುದ್ದಿಯಲ್ಲ, ಪಕ್ಕದ ಮನೆಯಲ್ಲಿ ನಡೆದದ್ದು. ದೀಪ ಸ್ವಲ್ಪ ತಗ್ಗಿಸಿ. ನಡುವೆ ಮಾತಾಡಬೇಡಿ. ಕೇಳಿದ ಮೇಲೆ ಹೊರಗೂ ಆಡಬೇಡಿ. ಒಬ್ಬಳ ಕಿವಿಗೆ ಇದು ಬೀಳಬಾರದು.

ಆ ಮನೆಯವನನ್ನು ಓಣಿಯವರೆಲ್ಲ ಲೇತಣ್ಣ ಎನ್ನುತ್ತಿದ್ದರು. ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರ ನಡೆಸುವ ಕೆಲಸ. ಅಂದು ರಾತ್ರಿ ಪಾಳಿ ಮುಗಿಸಿ ಒಬ್ಬನೇ ನಡೆದು ಬರುತ್ತಿದ್ದ. ಓಣಿಯ ತುದಿಯಲ್ಲಿ ಹೊಳೆಯ ಒರತೆಯಿಂದ ತುಂಬುವ ಒಂದು ಹಳೆಯ ಬಾವಿ. ಯಾರೂ ಬೀಳಬಾರದೆಂದು ಮೇಲೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಅದನ್ನು ದಾಟುವಾಗ ಕೇಳಿಸಿತು.

ಗುಳುಕ್... ಗುಳುಕ್... ಗುಳುಕ್.

ಕಪ್ಪೆ ಹಾರಿದ್ದಲ್ಲ. ಅದು ಚೊಳಕ್ ಎನ್ನುತ್ತದೆ. ಇದು ಅರ್ಧ ತುಂಬಿದ ತಗಡಿನ ಕ್ಯಾನನ್ನು ಎರಡು ಕೈಯಲ್ಲೂ ಹಿಡಿದು ಅಲ್ಲಾಡಿಸಿದರೆ ಬರುವ ಸದ್ದು. ಲೇತಣ್ಣ ಅಲ್ಲೇ ನಿಂತ. ಹಾಗೆ ಅಲ್ಲಾಡಿಸುತ್ತಿದ್ದವನು ಅವನ ತಮ್ಮ. ಪೆಟ್ರೋಲಿಗೆ ಎಣ್ಣೆ ಬೆರೆಸಿದರೆ ಸಾಕು, ಕೈ ಸೋಲುವವರೆಗೂ ಕುಲುಕುತ್ತಿದ್ದ. "ನಿಮ್ಮ ಕೈಗೆ ಮಗು ಕೊಟ್ಟರೆ ಅದನ್ನೂ ಹೀಗೇ ಕುಲುಕ್ತೀರಾ?" ಎಂದು ತಮ್ಮನ ಹೆಂಡತಿ ನಗುತ್ತಿದ್ದಳು.

ಮಗು ಆಗಲಿಲ್ಲ. ಆ ತಮ್ಮ ಹೊಳೆಯ ಪಾಲಾಗಿ ಅಷ್ಟರಲ್ಲಿ ಒಂದು ಬೇಸಿಗೆ ಕಳೆದಿತ್ತು.

ಅವನದು ಜೆಟ್ ದೋಣಿ. ಕೆಳಗಿನಿಂದ ನೀರು ಹೀರಿ, ಹಿಂದಕ್ಕೆ ಚಿಮ್ಮಿಸಿ ಓಡುವಂಥದ್ದು. ದೋಣಿ ತಿರುಗುವುದೂ ಆ ಚಿಮ್ಮುವ ನೀರಿನಿಂದಲೇ. ಎಂಜಿನ್ ನಿಂತರೆ ಕೈಯಲ್ಲಿರುವ ಸ್ಟಿಯರಿಂಗಿಗೂ ಜೀವವಿಲ್ಲ. ಬೆಳಕು ಹರಿಯುವ ಮುಂಚೆ ಆಚೆ ದಡದ ಕೆಲಸಗಾರರಿಗೆ ಹಾಲು, ಬ್ರೆಡ್ಡು ಒಯ್ಯುತ್ತಿದ್ದ. ಒಂದು ದಿನ ಸೆಳವಿನ ನಟ್ಟನಡುವೆ ಎಂಜಿನ್ ನಿಂತಿತು. ದೋಣಿ ಒಡ್ಡಿನ ಮೇಲಿಂದ ಕೆಳಗೆ ಬಿತ್ತು. ಎಂಜಿನ್ ಬೇಗ ಸಿಕ್ಕಿತು. ತಮ್ಮ ಸಿಗಲು ತಡವಾಯಿತು.

ಆ ಎಂಜಿನನ್ನು ಲೇತಣ್ಣ ಮನೆಗೆ ತಂದು, ಊಟದ ಮೇಜಿಗೆ ಹಳೆಯ ಹೊದಿಕೆ ಹಾಸಿ, ಬಿಚ್ಚಲು ಕೂತ.

"ಎಂಜಿನ್ ಮೇಜಿನ ಮೇಲೆ, ನಾವು ನೆಲದ ಮೇಲೆ. ಈ ಮನೆಗೆ ಯಜಮಾನ ಯಾರಪ್ಪಾ?" ಎಂದಳು ಅಮ್ಮ. ಆದರೆ ತೆಗೆ ಎನ್ನಲಿಲ್ಲ.

ತಮ್ಮನ ಹೆಂಡತಿ ಮೇಜಿನ ಆ ತುದಿಯಲ್ಲಿ ಕೂತು ನಟ್ಟು ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದುಕೊಡುತ್ತಿದ್ದಳು. ಗಂಡ ಹೋದಾಗ ಮದುವೆಯಾಗಿ ವರ್ಷ ತುಂಬಿರಲಿಲ್ಲ. ದಿನವೂ ಅದೇ ಪ್ರಶ್ನೆ. "ಯಾಕೆ ನಿಂತಿತು ಭಾವ? ಅದೊಂದು ಗೊತ್ತಾದರೆ ನನಗೆ ನಿದ್ದೆ ಬರುತ್ತೆ."

ಯಾಕೆ ನಿಂತಿತೆಂದು ಲೇತಣ್ಣನಿಗೆ ಸಿಲಿಂಡರ್ ತೆಗೆದ ದಿನವೇ ತಿಳಿದಿತ್ತು. ಟೂ ಸ್ಟ್ರೋಕ್ ಎಂಜಿನ್ನಿಗೆ ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸಬೇಕು. ಬೆರೆಸದಿದ್ದರೆ ಪಿಸ್ಟನ್ ಒಣಗಿ, ಕಾದು, ಸಿಲಿಂಡರನ್ನು ಕಚ್ಚಿ ಹಿಡಿಯುತ್ತದೆ. ಇದರ ಪಿಸ್ಟನ್ ಸುತ್ತಲೂ ಉಗುರಿನಿಂದ ಪರಚಿದಂತೆ ಗೀರು. ತಮ್ಮ ಬರೀ ಪೆಟ್ರೋಲಿನಲ್ಲಿ ಹೋಗಿದ್ದ.

ಅದು ಹೇಗೆ ಸಾಧ್ಯ ಎಂಬುದೇ ತಿಳಿದಿರಲಿಲ್ಲ. ಅಣ್ಣತಮ್ಮಂದಿರಿಬ್ಬರಿಗೇ ಗೊತ್ತಿದ್ದ ಒಂದು ರೂಢಿಯಿತ್ತು. ಯಾರೇ ಎಣ್ಣೆ ಬೆರೆಸಲಿ, ಬೆರೆಸಿದವನು ಕ್ಯಾನಿನ ಹಿಡಿಗೆ ಒಂದು ಬಟ್ಟೆ ಚೂರು ಕಟ್ಟಬೇಕು. ಬಟ್ಟೆ ಇಲ್ಲದ ಕ್ಯಾನನ್ನು ಇನ್ನೊಬ್ಬ ಎಂಜಿನ್ನಿಗೆ ಸುರಿಯುವಂತಿಲ್ಲ. ದೋಣಿ ಬಿದ್ದ ದಿನದ ಹಿಂದಿನ ಸಂಜೆ ಪೆಟ್ರೋಲು ತಂದಿಟ್ಟವನು ಲೇತಣ್ಣ. ಮನೆಯಲ್ಲಿ ಎಣ್ಣೆ ಮುಗಿದಿತ್ತು. ಬೆರೆಸಿರಲಿಲ್ಲ, ಬಟ್ಟೆಯನ್ನೂ ಕಟ್ಟಿರಲಿಲ್ಲ. ಮತ್ತೆ...

ಬಾವಿಯ ಸದ್ದು ಕೇಳಿ ಮನೆಗೆ ಬಂದ ಆ ರಾತ್ರಿ ಅವಳಿನ್ನೂ ಎಚ್ಚರವಿದ್ದಳು. ಬೋಲ್ಟು ಒರೆಸುತ್ತ ಹೇಳಿದಳು:

"ಈ ಬಟ್ಟೆ ಚೂರುಗಳನ್ನೆಲ್ಲ ಅವರು ಹೋದ ದಿನದ ಹಿಂದಿನ ರಾತ್ರಿ ನಾನೇ ಒಗೆದಿದ್ದೆ ಭಾವ. ಎಷ್ಟು ಜಿಡ್ಡು ಅಂತೀರಿ. ಹಗ್ಗದ ಮೇಲೆ ಜಾಗ ಸಾಲದೆ ಒಂದನ್ನ ಕ್ಯಾನಿನ ಹಿಡಿಗೆ ಕಟ್ಟಿದೆ, ಒಣಗಲಿ ಅಂತ. ಅವರು ನೋಡಿ ಏನಾದರೂ ಅಂತಾರೆ ಅಂದುಕೊಂಡಿದ್ದೆ. ಅಷ್ಟು ಬೆಳ್ಳಗೆ ಮಾಡಿದ್ದೆ."

ಲೇತಣ್ಣ ಪಿಸ್ಟನ್ನಿಗೆ ಹೊಸ ರಿಂಗ್ ಏರಿಸುತ್ತಿದ್ದ. ಟಿಣ್ ಎಂದು ಅದು ಕೈಯಲ್ಲೇ ಮುರಿಯಿತು.

"ಏನಾಯ್ತು ಭಾವ?"

"ಏನಿಲ್ಲ ಕಣಮ್ಮ. ಹೋಗಿ ಮಲಗು."

ಮರುದಿನ ರಾತ್ರಿ ಬಾವಿಯ ಹತ್ತಿರ ಬಂದಾಗ ಗಾಳಿಯೂ ಇರಲಿಲ್ಲ. ಗುಳುಕ್... ಗುಳುಕ್... ಅವನು ಜಾಲರಿಯ ಮೇಲೆ ಕೈಯಿಟ್ಟ. ಕಬ್ಬಿಣ ಹೊಳೆಯ ನೀರಿನಷ್ಟು ತಣ್ಣಗಿತ್ತು. ಸದ್ದು ನಿಂತಿತು.

"ಅಣ್ಣ..."

ಲೇತಣ್ಣ ಜಾಲರಿಯಿಂದ ಕೈ ತೆಗೆಯಲಿಲ್ಲ. ದನಿ ಕೊಟ್ಟ. "ಹೇಳೋ."

"ಅವಳು ಕೇಳಿದಳಾ?"

"ದಿನಾ ಕೇಳ್ತಾಳೆ."

"ಕತ್ತಲಲ್ಲಿ ಕೈಗೆ ಗಂಟು ಸಿಕ್ಕಿತು. ನೀನೇ ಕಟ್ಟಿದ್ದು ಅಂದುಕೊಂಡೆ... ನಡುಹೊಳೆಯಲ್ಲಿ ಬೆಳಕಾಯ್ತು. ಆಗ ನೋಡಿದೆ." ಆಮೇಲೆ, ಬಹಳ ಮೆಲ್ಲಗೆ... "ಎಷ್ಟು ಬೆಳ್ಳಗೆ ಒಗೆದಿದ್ದಳಣ್ಣ."

ಲೇತಣ್ಣ ಜಾಲರಿಯ ಮೇಲೆ ಬಾಗಿದ.

"ಹೇಳಬೇಡ," ಎಂದಿತು ಬಾವಿ. ಅಷ್ಟೇ.

ಅವನು ಮನೆಗೆ ಬಂದು ಮೇಜಿನ ಮುಂದೆ ಕೂತ. ಅವಳು ಎಂದಿನಂತೆ ಕೇಳಿದಳು. ಈ ಸಲ ಅವನು ಉತ್ತರ ಕೊಟ್ಟ.

"ಒಳಗಿನ ಬೇರಿಂಗ್ ನಾನು ಹಾಕಿದ್ದು. ಸರಿಯಾಗಿ ಕೂರಿಸಿರಲಿಲ್ಲ. ಅದಕ್ಕೇ ನಿಂತಿತು."

"ನೀವಾ ಭಾವ?"

"ನಾನೇ ಕಣಮ್ಮ."

ಅವಳು ಕೈಯಲ್ಲಿದ್ದ ಬೋಲ್ಟನ್ನು ಸದ್ದಾಗದಂತೆ ತಟ್ಟೆಯಲ್ಲಿಟ್ಟಳು. ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡಳು. ಬೈಯಲಿಲ್ಲ, ಅಳಲಿಲ್ಲ. ಬೆಳಿಗ್ಗೆ ತವರಿಗೆ ಹೊರಟಳು. ಅತ್ತೆಗೆ ಹೇಳಿ ಹೋದಳು. ಬಾಗಿಲಲ್ಲಿ ನಿಂತಿದ್ದವನ ಮುಖ ನೋಡಲಿಲ್ಲ. ಭಾವ ಎಂದು ಕರೆದದ್ದು ಹಿಂದಿನ ರಾತ್ರಿಯೇ ಕೊನೆ.

ಅವಳು ತಿರುವು ದಾಟಿದ ಮೇಲೆ ಅಮ್ಮ ಕೇಳಿದಳು. "ನಿನ್ನ ಕೈ ಹಾಗೆ ತಪ್ಪುವ ಕೈ ಅಲ್ಲ. ನನ್ನ ಹತ್ತಿರವೂ ಹೇಳಲ್ವೇನೋ?"

ಅವನು ಒಳಗೆ ಹೋಗಿ ಸ್ಪ್ಯಾನರ್ ಕೈಗೆತ್ತಿಕೊಂಡ. ಹೊಸ ಪಿಸ್ಟನ್, ಹೊಸ ರಿಂಗು, ಹೊಸ ಗ್ಯಾಸ್ಕೆಟ್. ಮಾಡುವುದು ಬೇರೇನೂ ಉಳಿದಿರಲಿಲ್ಲ. ಎಂಜಿನ್ ಮುಗಿದ ಸಂಜೆ ಅದನ್ನು ಹಿತ್ತಲಿನ ಸ್ಟ್ಯಾಂಡಿಗೆ ಬಿಗಿದ. ಅಂಥದೇ ಇನ್ನೊಂದು ತಗಡಿನ ಕ್ಯಾನಿಗೆ ಪೆಟ್ರೋಲು ತುಂಬಿ ಮುಚ್ಚಳ ಹಾಕಿದ. ಪಕ್ಕದಲ್ಲಿ ಹೊಸ ಎಣ್ಣೆಯ ಬಾಟಲಿಯಿಟ್ಟ. ಬೆಳಿಗ್ಗೆ ಬೆರೆಸಿದರಾಯಿತು ಎಂದುಕೊಂಡು ಮಲಗಿದ.

ಬೆಳಗಿನ ಜಾವ ಅಮ್ಮ ಅವನನ್ನು ಎಬ್ಬಿಸಿದಳು. "ಹಿತ್ತಲಲ್ಲಿ ಏನೋ ಕುಲುಕಿದ ಹಾಗಾಯ್ತಲ್ಲೋ. ನಾನು... ಅವನೇ ಅಂದುಕೊಂಡೆ."

ಇಬ್ಬರೂ ಲಾಟೀನು ಹಿಡಿದು ಹೋದರು. ಯಾರೂ ಇರಲಿಲ್ಲ. ಕ್ಯಾನಿನ ಹಿಡಿಗೆ ಒಂದು ಬಟ್ಟೆ ಚೂರು ಕಟ್ಟಿತ್ತು. ಬೆಳ್ಳನೆಯ ಬಟ್ಟೆ. ನೀರು ತೊಟ್ಟಿಕ್ಕುತ್ತಿತ್ತು. ಗಂಟು ಎಡಗೈಯವರು ಹಾಕುವ ಗಂಟು, ತಮ್ಮ ಎಡಚ. ಲೇತಣ್ಣ ಮುಚ್ಚಳ ತೆಗೆದು ಸ್ವಲ್ಪ ಗಾಜಿನ ಲೋಟಕ್ಕೆ ಸುರಿದ. ಎಣ್ಣೆ ಬೆರೆತರೆ ಮಾತ್ರ ಬರುವ ತಿಳಿನೀಲಿ ಬಣ್ಣ.

ಅದನ್ನೇ ಸುರಿದು ಹಗ್ಗ ಎಳೆದ. ಸರ್ರ್... ಪಟ್... ಒಂದೇ ಎಳೆತಕ್ಕೆ ಎಂಜಿನ್ ಹತ್ತಿಕೊಂಡಿತು. ಓಣಿಯೆಲ್ಲ ಎದ್ದು ಕೂತಿತು. ಆ ಸದ್ದಿನಲ್ಲಿ ಅವನು ಅತ್ತದ್ದು ಯಾರಿಗೂ ಕೇಳಿಸಲಿಲ್ಲ.

ನಂಬದವರು ನಂಬದಿರಲಿ. ಆ ಹೊಸ ಎಣ್ಣೆಯ ಬಾಟಲಿ ಈಗಲೂ ಅವನ ಕಿಟಕಿಯಲ್ಲಿದೆ. ಓಣಿಯಲ್ಲಿ ಹೋಗುವವರಿಗೆಲ್ಲ ಕಾಣುತ್ತದೆ. ಕುತ್ತಿಗೆಯವರೆಗೂ ತುಂಬಿದೆ. ಮುಚ್ಚಳದ ಸೀಲು ಒಡೆದಿಲ್ಲ.