ಮಗ್ಗುಲು ತಿರುಗಿಸೋಕೆ ಇನ್ನೊಬ್ಬರು

ಹುಣಸೂರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇಗೆ ಕಾಯುತ್ತಿದ್ದ ಅಫ್ರೀನ್, ಪಕ್ಕದ ಮಾತು ಕಿವಿಗೆ ಬಿದ್ದು ಮೊಬೈಲ್ ಕೆಳಗಿಟ್ಟಳು. ವಾರ್ಡಿನ ಬಾಗಿಲಲ್ಲಿ ನಿಂತ ಭಾಗ್ಯ, ಬೆಂಚಿನಲ್ಲಿದ್ದ ಮೈದುನ ಸುನೀಲನನ್ನು ಕರೆಯುತ್ತಿದ್ದಳು. ಅವನು ಚಪ್ಪಲಿ ಕಳಚುತ್ತಿದ್ದ, ಮತ್ತೆ ಮೆಟ್ಟುತ್ತಿದ್ದ.

“ಏಳು ಸುನೀಲ. ನಿಮ್ಮಣ್ಣನ್ನ ಮಗ್ಗುಲು ತಿರುಗಿಸ್ಬೇಕು. ಸಿಸ್ಟರು, ನಾನು, ಇನ್ನೊಬ್ರು ಬೇಕಂತೆ.”

“ನಾನ್ ಮುಟ್ಟಲ್ಲ ಅತ್ತಿಗೆ. ಹೊಗೆಸೊಪ್ಪು ಬೇಯಿಸಿ ಒಣಗಿಸೋ ಬ್ಯಾರನ್ ಮೇಲಿಂದ ಬಿದ್ದೋನ್ನ ಎತ್ತಿ ಬೈಕಲ್ಲಿ ಕೂರಿಸ್ದೋನು ನಾನೇ. ಬೆನ್ನುಮೂಳೆ ಮುರಿದೋರನ್ನ ಕೂರಿಸ್ಲೇಬಾರ್ದಂತೆ.”

“ಆಗ ಯಾರ್ಗ್ ಗೊತ್ತಿತ್ತು? ಹಿಂದೆ ಕೂತು ಹಿಡ್ಕಂಡಿದ್ದು ನಾನೇ ಅಲ್ವಾ?”

“ಈಗ್ಲೂ ಏನಾರಾ ಆದ್ರೆ?”

“ಮೈಸೂರಲ್ಲಿ ಆಪರೇಷನ್ ಮಾಡಿ ರಾಡು, ಸ್ಕ್ರೂ ಹಾಕಿ ಬಿಗಿ ಮಾಡೇ ಇಲ್ಗೆ ಕಳ್ಸವ್ರೆ. ಬೆನ್ನು ತಿರುಚ್ದಂಗೆ ಮೂರು ಜನಾನೂ ಒಂದೇ ಸಲ ಹೊರಳಿಸ್ಬೇಕು, ಅಷ್ಟೇ.”

“ನಾನ್ ಕೈ ಬಿಟ್ಬುಟ್ರೆ?”

“ಬ್ಯಾರನ್ ಮೇಲಿದ್ದ ನಿಮ್ಮಣ್ಣಂಗೆ ಸೊಪ್ಪು ಕಟ್ಟಿದ ಕಡ್ಡಿ ಎತ್ತಿಕೊಡೋವಾಗ ಒಂದೆಲೆ ಉದುರಿಸ್ದೋನಲ್ಲ ನೀನು.”

“ಸೊಪ್ಪು ಬಯ್ಯಲ್ಲ ಅತ್ತಿಗೆ. ಅಣ್ಣ ಬಯ್ತಾನೆ.”

“ಬಯ್ಲಿ ಬುಡು. ನಿನ್ನೇ ಕರ್ಕಂಬಾ ಅಂದಿದ್ದು ಅವ್ರೇ. ಬ್ಯಾರೆ ಯಾರೂ ಬ್ಯಾಡ್ವಂತೆ.”

ಸುನೀಲ ಚಪ್ಪಲಿ ಅಲ್ಲೇ ಬಿಟ್ಟು ಎದ್ದ.

“ಒಂದು, ಎರಡು, ಮೂರು ಅನ್ನೋರ್ಯಾರು?”

“ಅವ್ರೇ ಅಂತಾರಂತೆ. ಬ್ಯಾರನ್ ಮೇಲಿಂದ ನಿಂಗೆ ಕೂಗ್ತಿದ್ರಲ್ಲ, ಅಂಗೆ.”

ಇಬ್ಬರೂ ಒಳಗೆ ಹೋದರು.