ಕಾರಿನ ಕಿಡಕ್ಯಾಗ ಸಿಕ್ಕ ಟಗರು

...ಅಲ್ಲೋ, ಈಗ ಗುಂಡಿ ಒತ್ತಿದ್ರ ಕಾರಿನ ಗ್ಲಾಸ್ ತಾನಾ ಇಳಿತೈತಿ, ನಿಮಗೇನ್ ಗೊತ್ತಾಗಬೇಕು ನಮ್ಮ ಪಾಡು? ನಮ್ಮ ಹಳೇ ಗಾಡಿಗೆ ಬಾಗಲದಾಗ ಹ್ಯಾಂಡಲ್ ಇತ್ತು, ತಿರುವಿ ತಿರುವಿ ರಟ್ಟಿ ನೋಯ್ತಿತ್ತು. ಆವತ್ತ ಕೆರೂರ ಸಂತ್ಯಾಗ ಒಂದು ಟಗರು ತಗೊಂಡ್ವಿ, ಶಿರೂರಿಗೆ ನನ್ನ ತವರಮನಿಗೆ ಒಯ್ಯಾಕ. ನಮ್ಮ ತಮ್ಮನ ಕುರಿ ಹಿಂಡಿಗೆ ಟಗರ ಇದ್ದಿದ್ದಿಲ್ಲ, ನಾನಾ ತರ್ತೇನಿ ಅಂತ ಮಾತ ಕೊಟ್ಟಿದ್ನಿ. ಗಾಡಿ ನಿಮ್ಮಜ್ಜಾರು ಹೊಡೀತಿದ್ರು, ಹಿಂದಿನ ಸೀಟಿನ್ಯಾಗ ನಾ, ನನ್ನ ಬಾಜೂಕ ಟಗರು, ಬೀಗರ ಕುಂತಂಗ ಕುಂತಿತ್ತು ನೋಡು! ಅಲ್ಲ, ಕುಂತಿದ್ದಿಲ್ಲ, ನಿಂತಿತ್ತು. ಅರ್ಧ ತಗದ ಕಿಡಕ್ಯಾಗ ಗೋಣ ಸೊಟ್ಟ ಮಾಡಿ ಹೊರಗ ಹಾಕ್ತು. ಹೋಗೂದೇನೋ ಹೋತು, ಒಳಗ ಬರಾಕ ಕೋಡು ಬಿಡವಲ್ಲವು. ಗ್ಲಾಸ್ ಇಳಿಸೂಣಂತ ತಿರುವಿದ್ರ ಹ್ಯಾಂಡಲ್ ಸುಮ್ನ ಗಿರಗಿರ ತಿರುಗತೈತಿ, ಗ್ಲಾಸ್ ಅಳ್ಳಾಡವಲ್ದು! ಟಗರು ಬ್ಯಾ ಅಂತೈತಿ, ನಾ ಅಯ್ಯಯ್ಯ ಅಂತೇನಿ. ನಿಮ್ಮಜ್ಜಾರು ಗಾಡಿ ನಿಲ್ಲಿಸಿ ಇಳದು ದೊಡ್ಡ ಕಲ್ಲ ಎತ್ತಿದ್ರು.

"ಒಳಗಿನ ಮಿಷಿನ್ ಹೋಗೇತಿ. ಗ್ಲಾಸ್ ಒಡೀತೇನಿ, ನೀ ಆಕಡೆ ಸರಿ."

"ಏನ್ರಿ, ಬುದ್ಧಿ ಐತೇನ್ರಿ ನಿಮಗ? ಗಾಜ ಅದರ ಗೋಣಿಗೆ ಹೊಕ್ರ? ತವರಿಗೆ ಸತ್ತ ಟಗರ ಒಯ್ಲೇನ್ರಿ?"

ಖರೆ ಹೇಳ್ತೇನಿ, ನನಗ ಅಳೂನಾ ಬಂದಿತ್ತು. ಕಣ್ಣ ಒರಸ್ಕೊಂಡು ಬಗ್ಗಿ ನೋಡಿದ್ನಿ. ಹ್ಯಾಂಡಲ್ ತಿರುಗತೈತಿ, ಅದು ಕುಂತಿದ್ದ, ಬಾಗಲದಾಗಿಂದ ಹೊರಗ ಬಂದ ಹಲ್ಲಿನ ಕಡ್ಡಿ ಮಾತ್ರ ತಿರುಗವಲ್ದು. "ಒಳಗೇನೂ ಆಗಿಲ್ರಿ, ಹ್ಯಾಂಡಲ್ಲಿನ ಹಲ್ಲ ಸವದಾವು. ಆ ಕಡೆ ಬಾಗಲದ್ದು ತಗದು ಇಲ್ಲಿ ಹಾಕೂಣು" ಅಂದ್ನಿ. "ಹ್ಯಾಂಗ ತಗೀತಿ? ರಿಪೇರಿ ಸಾಮಾನೆಲ್ಲಾ ಮನ್ಯಾಗದಾವು" ಅಂದ್ರು. ಹ್ಯಾಂಗ ಅಂದ್ರ, ಹೋದ ತಿಂಗಳ ಗಾಡಿ ಇಳಿಯುವಾಗ ನನ್ನ ಇಳಕಲ್ ಸೀರಿ ಸೆರಗು ಹ್ಯಾಂಡಲ್ ಹಿಂದ ಸಿಕ್ಕಿತ್ತು, ಜಗ್ಗಿದ್ರ ಹ್ಯಾಂಡಲ್ ಹಿಡದಿದ್ದ ಒಳಗಿನ ಸಣ್ಣ ತಂತಿ ಟಪ್ಪಂತ ಹಾರಿ ಹ್ಯಾಂಡಲ್ ಕೈಯಾಗ ಬಂದಿತ್ತು. ಆವಾಗ ನಿಮ್ಮಜ್ಜಾರು ಒದರಿದ್ದಾ ಒದರಿದ್ದು! ಈಗ ಅದಾ ಸೆರಗ ಹಿಂದ ತೂರಿಸಿ, ಮೊಸರ ಕಡದಂಗ ಆಕಡೆ ಈಕಡೆ ಜಗ್ಗಿದ್ನಿ. ಟಪ್! ಎರಡೂ ಹ್ಯಾಂಡಲ್ ಬಿಚ್ಚಿ, ಚಲೋದನ್ನ ಇಲ್ಲಿ ಹಚ್ಚಿ ತಿರುವಿದ್ರ ಗ್ಲಾಸ್ ಸರಸರ ಇಳೀತು. ಟಗರು ತಲಿ ಒಳಗ ತಗೊಂಡ್ತು. ಸೆರಗು ಹರೀತು, ಹರೀಲಿ ಬಿಡು, ನನ್ನ ಜೀವ ತಣ್ಣಗಾತು. ನಿಮ್ಮಜ್ಜಾರು ಪ್ರೀತಿಲೆ ತಲಿ ಸವರಾಕ ಬಂದ್ರ ಅದು ಹಿಂದ ಸರದು ಎದಿಗೆ ಒಂದ ಗುದ್ದು ಕೊಟ್ತು ನೋಡು! ನಗಬ್ಯಾಡ್ರಿ ಲೇ. ಏನರ ಕೆಟ್ರ ಮೊದ್ಲ ಬಗ್ಗಿ ನೋಡ್ರಿ, ಒಡಿಯೂದು ಯಾವಾಗಿದ್ರೂ ಐತಿ.