ಭಾವ ಕೊಟ್ಟ ಬೀಗ

ಬಸ್ಸಿಗೆ ಕಾಯುತ್ತಿದ್ದ ದರ್ಜಿಯ ಕಿವಿ ಪಕ್ಕದ ಬೆಂಚಿನ ಕಡೆಗೇ ಇತ್ತು. ಅಲ್ಲಿ ಕೀಲಿಯಿಲ್ಲದೆ ಬೀಗ ತೆಗೆಯುವ ಹುಚ್ಚು ಹತ್ತಿಸಿಕೊಂಡ ಒಬ್ಬ ಭಾವ, ಅವನಿಂದಲೇ ಅದನ್ನು ಕಲಿಯುತ್ತಿರುವ ಅವನ ಹೆಂಡತಿಯ ತಂಗಿ. ಅವಳ ಅಂಗೈಯಲ್ಲಿ ಬಾಯಿ ತೆರೆದ ಹಿತ್ತಾಳೆ ಬೀಗ.

"ನಿಜ ಹೇಳು ಪುಟ್ಟಿ, ನಾನು ಕೊಟ್ಟ ಬೀಗ ತೆಗೆಯೋಕೆ ಎಷ್ಟು ಹೊತ್ತು ಹಿಡೀತು?"

"ಇಪ್ಪತ್ತು ನಿಮಿಷ, ಭಾವ."

"ಸುಳ್ಳು! ಕೀಲಿ ತೂತಿಗೆ ಅಡ್ಡಡ್ಡ ಪರದೆ ತಗಡು ತಿರುಗುತ್ತೆ, ತಂತಿ ಆಡಿಸೋಕೇ ಜಾಗ ಇಲ್ಲ. ನಾನೇ ಎಂಟು ತಿಂಗಳು ಒದ್ದಾಡಿ ಕೈಬಿಟ್ಟಿದೀನಿ."

"ತಂತಿ ಜೊತೆಗೇ ಪರದೆನೂ ತಿರುಗೋಕೆ ಬಿಡಬೇಕು ಅಂತ ನೀವೇ ಹೇಳ್ಕೊಟ್ರಲ್ಲ."

"ನಾನು ತಿಕ್ಕಿ ತಿಕ್ಕಿ ಸವೆಸಿದ್ದೆ. ಅದಕ್ಕೇ ನಿನಗೆ ಸಲೀಸಾಗಿದೆ."

"ಇರಬಹುದು. ಆಮೇಲೆ ಬಿಚ್ಚಿ ನೋಡಿದೆ. ಒಳಗೆ ಕೀಲಿ ಎತ್ತೋ ಪಟ್ಟಿಗಳಲ್ಲಿ, ಮೂರನೇ ಲಿವರ್‌ಗೆ ಯಾರೋ ಹೊಸದಾಗಿ ಸುಳ್ಳು ಕಚ್ಚು ಕೊರೆದಿದಾರೆ, ತೆಗೆಯೋರು ಅಲ್ಲೇ ಸಿಕ್ಕಿಬೀಳಲಿ ಅಂತ."

"ಕಾರ್ಖಾನೆಯವರು ಕೊರೆದಿರ್ತಾರೆ."

"ಅರದ ಗೀರೆಲ್ಲ ಎಡಗೈಯವರು ಉಜ್ಜಿದ ಹಾಗೆ ವಾಲಿವೆ. ಕಾರ್ಖಾನೆಯವರು ಎಡಗೈಲಿ ಅರ ಹಿಡಿಯಲ್ಲ, ಭಾವ."

ಭಾವನ ಎಡಗೈ ಮೆಲ್ಲಗೆ ಜೇಬು ಸೇರಿತು.

ಬಸ್ಸು ಬಂತು. ಅವಳು ಬೀಗವನ್ನು ಒತ್ತಿ ಮುಚ್ಚಿ ಅವನ ಮಡಿಲಿಗೆ ಹಾಕಿದಳು.

"ಕಚ್ಚು ಹಾಗೇ ಇದೆ, ಈಗ ನೀವು ತೆಗೀರಿ. ನಿಮ್ಮ ಡಬ್ಬೀಲಿದ್ದ ಇದರ ಕೀಲಿ ಅಕ್ಕನ ಹತ್ರ ಕೊಟ್ಟು ಬಂದಿದೀನಿ. ಸೋತ್ರೆ ಅವಳನ್ನೇ ಕೇಳಿ."